ಏಳನೆಯ ಇಲಿಯ ಜೋಡಿ

ಆಕಾಶಕ್ಕೆ ಹೋಗಿದ್ದ ಏಳನೆಯ ಇಲಿ ಅಲ್ಲೇ ತೀರಿಕೊಂಡಿತೆಂಬ ಸುದ್ದಿ ಬಂದದ್ದು ಸೋಮವಾರ ಬೆಳಿಗ್ಗೆ. ಪ್ರಯೋಗಾಲಯದಲ್ಲಿ ಎಲ್ಲರೂ ಇಲಿಯಜ್ಜ ಎಂದು ಕರೆಯುತ್ತಿದ್ದ ಮುದುಕ ಆಗ ಪಂಜರಗಳಿಗೆ ಮರದ ಹೊಟ್ಟು ಹಾಸುತ್ತಿದ್ದ. ಕೇಳಿದವನ ಕಣ್ಣೀರು ಹೊಟ್ಟಿನ ಮೇಲೆ ಬಿತ್ತು. ಒದ್ದೆ ಹಾಸಿಗೆ ಇಲಿಗಳಿಗೆ ಆಗದೆಂದು ಅಷ್ಟನ್ನು ತೆಗೆದು ಬೇರೆ ಹಾಕಿದ.

ಅಳುವುದಕ್ಕೂ ಪುರುಸೊತ್ತಿರಲಿಲ್ಲ. ಮೇಲೆ ಹೋದ ಪ್ರತಿ ಇಲಿಗೂ ಕೆಳಗೊಂದು ಜೋಡಿಯಿತ್ತು: ಅಂಥದೇ ಪಂಜರ, ಅದೇ ಮೇವು, ಅದೇ ಹೊತ್ತಿಗೆ ದೀಪ. ಮೇಲಿನದು ಸತ್ತರೆ ಕೆಳಗಿನದನ್ನೂ ಅಂದೇ ಕೊಂದು, ಎರಡರ ಹೃದಯ, ಶ್ವಾಸಕೋಶಗಳನ್ನು ಹೋಲಿಸಬೇಕೆಂಬುದು ನಿಯಮ. ಭಾರವೇ ಇಲ್ಲದ ಕಡೆ ಹೃದಯ ಸೊರಗುತ್ತದೆಯೇ ಎಂದು ತಿಳಿಯಲು ಬೇರೆ ದಾರಿಯಿಲ್ಲ ಎನ್ನುತ್ತಿದ್ದಳು ಪ್ರಯೋಗ ನಡೆಸುತ್ತಿದ್ದ ಡಾಕ್ಟರಮ್ಮ.

"ಅಜ್ಜಾ, ಕೆಳಗಿನ ಏಳನ್ನ ಹನ್ನೊಂದಕ್ಕೆ ಕರ್ಕೊಂಡ್ ಬನ್ನಿ," ಎಂದಳು ಅಂಗಾಂಶವನ್ನು ಕಾಗದಕ್ಕಿಂತ ತೆಳ್ಳಗೆ ಕೊಯ್ಯುವ ಬ್ಲೇಡಕ್ಕ. "ಊಟಕ್ಕೆ ಮುಂಚೆ ಮುಗಿಸಿಬಿಡೋಣ."

ಆ ಇಲಿಯನ್ನು ಉಳಿಸುವ ಮಾತೊಂದು ಅಜ್ಜನ ಬಳಿಯಿತ್ತು. ಆಡಿದರೆ ಮೂವತ್ತು ವರ್ಷದ ಮರ್ಯಾದೆ ಮಣ್ಣುಪಾಲು. ದೇವರನ್ನು ನೆನೆದು, ಪಂಜರ ಹೊತ್ತೊಯ್ದು ಡಾಕ್ಟರಮ್ಮನ ಮೇಜಿನ ಮೇಲಿಟ್ಟ.

"ಅಮ್ಮಾ, ಇದು ಜೋಡಿ ಅಲ್ಲ. ನಾನು ಇದಕ್ಕೆ ದಿನಾ ಬಿಸ್ಕತ್ತು ಕೊಟ್ಟಿದೀನಿ."

"ಏನು! ಯಾವಾಗಿಂದ?"

"ಅದು ಮೇಲೆ ಹೋದಾಗಿಂದ. ನಮ್ಮೋಳು ತೀರ್ಕೊಂಡ್ಮೇಲೂ ಚಹಾಕ್ಕೆ ಎರಡು ತಗೊಳ್ಳೋ ಅಭ್ಯಾಸ ಹೋಗಿಲ್ಲ. ಎರಡನೇದನ್ನ ಯಾರಿಗೆ ಕೊಡ್ಲಿ?"

ಡಾಕ್ಟರಮ್ಮ ಇಲಿಯನ್ನು ತೂಕಕ್ಕಿಟ್ಟಳು. "ನಲವತ್ತಾರು ಗ್ರಾಂ! ಇಲಿಯೋ ಹೆಗ್ಗಣವೋ? ಪುಸ್ತಕದಲ್ಲಿ ಇಪ್ಪತ್ತೆಂಟು ಅಂತ ಬರ್ದಿದೀರಿ!"

"ಯಂತ್ರ ತೋರಿಸಿದ್ದನ್ನೇ ಬರ್ದೆ. ದೇವರಾಣೆ, ಸುಳ್ಳು ಬರೆಯೋನಲ್ಲ ನಾನು. ಬಾಲ ಮಾತ್ರ ಸ್ವಲ್ಪ ಮೇಲಕ್ಕೆ ಎತ್ತಿ ಹಿಡ್ಕೊಂಡಿದ್ದೆ."

ಹಿಂದೆಯೇ ಬಂದಿದ್ದ ಬ್ಲೇಡಕ್ಕ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದಳು.

"ತಪ್ಪಾಯ್ತು. ಹೊಟ್ಟೆಗೆ ಹಾಕ್ಕೊಳ್ಳಿ ಅಮ್ಮಾ."

"ಹಾಕ್ಕೊಂಡಿರೋದು ಇದು!" ಡಾಕ್ಟರಮ್ಮ ಸಿಡಿದಳು. "ಬಿಸ್ಕತ್ತು ತಿಂದ ಹೃದಯಾನ ಆಕಾಶ ಕಂಡ ಹೃದಯದ ಪಕ್ಕ ಇಟ್ಟು ಏನಂತ ಬರೀಲಿ? ಉಳಿದ ಇಲಿಗಳಿಗೂ ಕೊಟ್ರಾ?"

"ಇಲ್ಲಮ್ಮಾ. ಮಿಗ್ತಿದ್ದದ್ದು ಒಂದೇ."

ಡಾಕ್ಟರಮ್ಮ ಪುಸ್ತಕದಲ್ಲಿ ಕೆಂಪು ಪೆನ್ನಿನಿಂದ ಏಳನೆಯ ಜೋಡಿಯ ಸಾಲನ್ನು ಹೊಡೆದುಹಾಕಿ, ಕಾರಣದ ಜಾಗದಲ್ಲಿ ಅಜ್ಜನ ಹೆಸರು ಬರೆದಳು.

"ನಾಳೆಯಿಂದ ತೂಕ ಬ್ಲೇಡಕ್ಕಂದು. ನೀವು ಹೊಟ್ಟು ಹಾಸಿದ್ರೆ ಸಾಕು. ಈ ಗುಂಡನ್ನ ಮೊದಲು ನನ್ನ ಕಣ್ಮುಂದಿಂದ ತಗೊಂಡ್ಹೋಗಿ. ಮನೆಗೇ ತಗೊಂಡ್ಹೋಗಿ!"

ಅವಮಾನದಿಂದ ಅಜ್ಜನ ಕಿವಿ ಕಾದಿತ್ತು. ಕಾಲು ಮಾತ್ರ ಹಗುರವಾಗಿತ್ತು. ಇಲಿಮನೆಗೆ ಬಂದು ಬಾಗಿಲು ಮುಂದೆ ಮಾಡಿದ. ಗುಂಡ ಹೊಟ್ಟಿನಲ್ಲಿ ಹೂತುಕೊಂಡು ನಿದ್ದೆಹೋಯಿತು. ಅಜ್ಜ ಕೈಮುಗಿದು ಕಣ್ಣು ಮುಚ್ಚಿದ.

"ತಂದೇ, ಇದರ ಜೋಡಿ ಮೇಲು ಕೆಳಗು ಗೊತ್ತಾಗದ ಕಡೆ ಒಂಟಿಯಾಗಿ ಪ್ರಾಣ ಬಿಟ್ಟಿದೆ. ಅಲ್ಲಿಂದ ನಿನ್ನ ಹತ್ರ ಬರೋ ದಾರಿ ಅದಕ್ಕೆ ತಿಳೀದೆ ಹೋದೀತು. ನೀನೇ ಎದುರು ಹೋಗಿ ಎತ್ಕೋ. ಸೊರಗಿದ ಆ ಪುಟ್ಟ ಎದೆಗೆ ನಿನ್ನ ಅಂಗೈಯಲ್ಲಿ ಜಾಗ ಕೊಡು. ಆ ಜೀವಕ್ಕೆ ಶಾಂತಿ ಸಿಗಲಿ."