ರೇಣುಕಪ್ಪನ ಪ್ರಥಮ ಬಹುಮಾನಗಳು

ಶೆಟ್ಟಿಕೊಪ್ಪದ ಬಡಗಿ ರೇಣುಕಪ್ಪ ಒಂಬತ್ತು ವರ್ಷ ಸ್ಲಾಟ್ ಕಾರ್ ಓಡಿಸಿದ. ಒಂದೇ ಒಂದು ರೇಸನ್ನೂ ಗೆಲ್ಲಲಿಲ್ಲ. ಅವನ ಆಪ್ತ ಸ್ನೇಹಿತ ನೌಶಾದ್ ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತಿದ್ದ, ರೇಣುಕಪ್ಪ ಪಕ್ಕದಲ್ಲಿದ್ದರಂತೂ ಇನ್ನಷ್ಟು ಗಟ್ಟಿಯಾಗಿ ಹೇಳುತ್ತಿದ್ದ.

ಅದೇನು ಗೆಲ್ಲಲಾಗದಂಥ ಕಷ್ಟದ ಆಟವಲ್ಲ. ಹಲಗೆಯ ಮೇಲೆ ಉದ್ದಕ್ಕೂ ಸೀಳು ಕೊರೆದು, ಸೀಳಿನ ಎರಡೂ ಬದಿಗೆ ತಾಮ್ರದ ಪಟ್ಟಿ ಅಂಟಿಸಿರುತ್ತಾರೆ. ಅಂಗೈಯಷ್ಟು ಉದ್ದದ ಕಾರಿನ ಮೂತಿಯ ಕೆಳಗಿರುವ ಒಂದು ಕಡ್ಡಿ ಆ ಸೀಳಿನಲ್ಲಿ ಕೂರುತ್ತದೆ. ಕೈಯಲ್ಲಿರುವ ಗುಂಡಿ ಒತ್ತಿದಷ್ಟು ಕರೆಂಟು, ಕರೆಂಟು ಹರಿದಷ್ಟು ವೇಗ. ಸ್ಟಿಯರಿಂಗ್ ಇಲ್ಲ, ಬ್ರೇಕ್ ಇಲ್ಲ. ತಿರುವು ಬಂದಾಗ ಬೆರಳು ಸಡಿಲಿಸಬೇಕು, ಇಲ್ಲದಿದ್ದರೆ ಕಾರು ಹಾರಿ ನೆಲಕ್ಕೆ ಬೀಳುತ್ತದೆ. ವಿದ್ಯೆ ಅಷ್ಟೇ. ರೇಣುಕಪ್ಪನಿಗೆ ಅಷ್ಟು ಮಾತ್ರ ಹತ್ತಲೇ ಇಲ್ಲ.

ಶುರುವಾದದ್ದು ಹೀಗೆ. ಕೊಪ್ಪದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನೌಶಾದನದೊಂದು ಮೋಟಾರ್ ವೈಂಡಿಂಗ್ ಅಂಗಡಿ. ಅವನ ಭಾವ ದುಬೈಯಿಂದ ಮಕ್ಕಳಿಗೆಂದು ತಂದ ಕಾರಿನ ಸೆಟ್ಟು ಎರಡೇ ವಾರದಲ್ಲಿ ಸುಟ್ಟುಹೋಗಿ ಅಟ್ಟ ಸೇರಿತ್ತು. ನೌಶಾದ್ ಅದನ್ನು ಅಂಗಡಿಗೆ ತಂದು, ಉಗುರಿನಷ್ಟಿದ್ದ ಮೋಟಾರಿಗೆ ಹೊಸ ತಂತಿ ಸುತ್ತಿ ಓಡಿಸಿ ನೋಡುತ್ತಿದ್ದಾಗ, ಕೀಸುವ ಮೆಷಿನ್ನಿನ ಮೋಟಾರು ರಿಪೇರಿಗೆ ತಂದ ರೇಣುಕಪ್ಪ ಬಾಗಿಲಲ್ಲಿ ನಿಂತ. ನಿಂತವನು ಎರಡು ಗಂಟೆ ಅಲುಗಲಿಲ್ಲ. ಮುಂದಿನ ತಿಂಗಳು ಅಂಗಡಿಯ ಮಹಡಿಯಲ್ಲಿ ನಲವತ್ತಡಿ ಉದ್ದದ, ನಾಲ್ಕು ಸೀಳಿನ ಟ್ರ್ಯಾಕು ಸಿದ್ಧವಾಗಿತ್ತು. ಹಲಗೆ ಕೊರೆದದ್ದೆಲ್ಲ ರೇಣುಕಪ್ಪನೇ. ಅದರ ಕೊನೆಯ ತಿರುವನ್ನು ಅವನು ಯಾವ ಹುಮ್ಮಸ್ಸಿನಲ್ಲಿ ಕೊರೆದನೋ, ಅದು ತೀರಾ ಇಕ್ಕಟ್ಟಾಗಿ ಬಂತು. ಕೆರೆಕಟ್ಟೆಯ ಮಾವನ ಮನೆಗೆ ಮೊದಲ ಸಲ ಹೋಗುವಾಗ ಅಂಥದೇ ತಿರುವಿನಲ್ಲಿ ಬೈಕಿನಿಂದ ಬಿದ್ದಿದ್ದೆ ಎಂದು ಅವನೇ ಬಾಯಿಬಿಟ್ಟಿದ್ದರಿಂದ ಅದಕ್ಕೆ ಮಾವನ ಮನೆ ತಿರುವು ಎಂದೇ ಹೆಸರಾಯಿತು. ಒಂಬತ್ತು ವರ್ಷ ಅವನ ಹಳದಿ ಕಾರು ಬಿದ್ದದ್ದೆಲ್ಲ ಹೆಚ್ಚುಕಮ್ಮಿ ಅಲ್ಲೇ.

ಆಡುವವರು ನಾಲ್ಕೇ ಜನ. ಇವರಿಬ್ಬರಲ್ಲದೆ, ನರಸಿಂಹರಾಜಪುರದ ರೂಟಿನಲ್ಲಿ ಮೂವತ್ತು ವರ್ಷ ಖಾಸಗಿ ಬಸ್ಸು ಓಡಿಸಿ ನಿವೃತ್ತನಾದ ಸುಬ್ಬಪ್ಪ, ಮತ್ತೆ ಶೃಂಗೇರಿಯ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವ ಅರ್ಪಣಾ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಸೇರುವುದು, ಸಂಜೆಯ ಬಸ್ಸಿಗೆ ಹೊರಡುವುದು. ವರ್ಷಕ್ಕೆರಡು ದೊಡ್ಡ ರೇಸು, ಜನವರಿ ಇಪ್ಪತ್ತಾರಕ್ಕೊಂದು, ಆಗಸ್ಟ್ ಹದಿನೈದಕ್ಕೊಂದು. ಸುಬ್ಬಪ್ಪ ಒಂದು ನೋಟ್‌ಬುಕ್ಕಿನ ಮುಂದಿನ ಪುಟಗಳಲ್ಲಿ ಗೆದ್ದವರ ಹೆಸರು, ಹಿಂದಿನ ಪುಟಗಳಲ್ಲಿ ರೇಣುಕಪ್ಪ ಕೊಟ್ಟ ಕಾರಣಗಳನ್ನು ಬರೆದಿಡುತ್ತಿದ್ದ. ಹಿಂದಿನ ಪುಟಗಳೇ ಬೇಗ ತುಂಬಿದವು.

ಒಂಬತ್ತನೇ ವರ್ಷ ಮಳೆ ಬಿಟ್ಟ ಮೇಲೆ, ಅಡ್ಡಗದ್ದೆಯಲ್ಲಿ ಯಾರದೋ ಹೊಸ ಮನೆಗೆ ಬಾಗಿಲ ಚೌಕಟ್ಟು ಕೂರಿಸುತ್ತಿದ್ದ ರೇಣುಕಪ್ಪ, ಒಂದು ಗಳಿಗೆ ಕೂತು ಏಳುತ್ತೇನೆ ಎಂದು ಹೇಳಿ ಕೂತ. ಏಳಲಿಲ್ಲ. ಐವತ್ತೆರಡು ವಯಸ್ಸು. ಎದೆ ನೋವೆಂದು ಎಂದೂ ಯಾರಿಗೂ ಹೇಳಿದವನಲ್ಲ.

ನೌಶಾದ್ ಶೆಟ್ಟಿಕೊಪ್ಪಕ್ಕೆ ಹೋದಾಗ ಅಂಗಳದ ತುಂಬ ಜನ. ಒಳಗೆ ಹೋಗಿ, ಗೋಡೆಗೊರಗಿ ಕೂತಿದ್ದ ರೇಣುಕಪ್ಪನ ಹೆಂಡತಿ ಸುಲೋಚನಮ್ಮನ ಎದುರು ನಿಂತ. ಆಗ ಅವನ ಕಣ್ಣು ಗೋಡೆಯ ಗೂಡಿನ ಮೇಲೆ ಬಿತ್ತು. ಅಲ್ಲಿ ಸಾಲಾಗಿ ಮರದ ಕಪ್ಪುಗಳು. ಹಲಸಿನ ಮರದಲ್ಲಿ ಕಡೆದು, ಹೊಳಪು ಕೊಟ್ಟು, ಒಂದೊಂದರ ಬುಡದಲ್ಲೂ ಉಳಿಯಲ್ಲಿ ಕೊರೆದ ಅಕ್ಷರ: ಪ್ರಥಮ ಬಹುಮಾನ. ಕೆಳಗೊಂದು ತಾರೀಕು. ಎಲ್ಲ ಜನವರಿ ಇಪ್ಪತ್ತಾರು, ಎಲ್ಲ ಆಗಸ್ಟ್ ಹದಿನೈದು.

ಪಕ್ಕದ ಮನೆಯ ಗುಡ್ಡಮ್ಮ ಎಂಬ ಮುದುಕಿ ನೌಶಾದನ ನೋಟ ಹೋದ ಕಡೆ ತಾನೂ ನೋಡಿ, ನಮ್ಮ ರೇಣುಕಪ್ಪ ಕೊಪ್ಪದಲ್ಲಿ ಪ್ರತಿ ಸಲ ಸೋಲಿಸುತ್ತಿದ್ದದ್ದು ನಿಮ್ಮನ್ನೇ ಏನು ಎಂದು ಕೇಳಿದಳು. ಅಂಗಳದಲ್ಲಿ ಕೂತಿದ್ದ ನಾಲ್ಕು ಜನ ತಿರುಗಿ ನೋಡಿದರು. ನೌಶಾದ್ ಮುದುಕಿಯ ಕಡೆ ತಿರುಗಿದ.

"ಹೌದು ಅಮ್ಮ," ಎಂದ. "ಯಾವಾಗ್ಲೂ ಅವನೇ."

ಕಪ್ಪುಗಳ ಸುದ್ದಿ ಕೇಳಿ ಸುಬ್ಬಪ್ಪನಿಗೆ ಬಂದದ್ದು ಮೊದಲು ಸಿಟ್ಟು. ತಾನು ಪ್ರಾಮಾಣಿಕವಾಗಿ ಗೆದ್ದ ಎರಡು ರೇಸುಗಳನ್ನೂ ಈ ಮಹಾಶಯ ಶೆಟ್ಟಿಕೊಪ್ಪದ ಖಾತೆಗೆ ಬರೆದುಕೊಂಡಿದ್ದಾನಲ್ಲ ಎಂದು ಅರ್ಧ ಗಂಟೆ ಗೊಣಗಿದ. ಆಮೇಲೆ ಕನ್ನಡಕ ತೆಗೆದು ಸುಮ್ಮನೆ ಒರೆಸುತ್ತ ಕೂತ. ಅರ್ಪಣಾ ಆ ಹೊತ್ತಿಗೆ ಹಳದಿ ಕಾರನ್ನು ಅಂಗೈಯಲ್ಲಿಟ್ಟುಕೊಂಡು ಅದರ ಚಕ್ರಕ್ಕೆ ಸಿಕ್ಕಿದ್ದ ಕೂದಲು ಬಿಡಿಸುತ್ತಿದ್ದಳು. ಅವನ ಹೆಸರಲ್ಲಿ ಒಂದು ರೇಸು ಇಡೋಣ, ಹಳದಿ ಕಾರೂ ಓಡಲಿ ಎಂದವಳು ಅವಳೇ. ಸುಲೋಚನಮ್ಮನಿಗೆ ಹೇಳಿಕಳಿಸಿದಾಗ, ಆ ಕಾರನ್ನು ತಾನೇ ಓಡಿಸುತ್ತೇನೆ ಎಂಬ ಉತ್ತರ ಬಂತು.

ಈಗ ಮೂವರಿಗೂ ಪೀಕಲಾಟ ಶುರುವಾಯಿತು. ಚಾಂಪಿಯನ್ನನ ಹೆಂಡತಿ ಬರುತ್ತಿದ್ದಾಳೆ. ಚಾಂಪಿಯನ್ನನ ಕಾರು ಸೋಲುವ ಹಾಗಿಲ್ಲ. ಮೂವರೂ ಮೆಲ್ಲಗೆ ಓಡಿಸಿ ಹಳದಿ ಕಾರನ್ನು ಗೆಲ್ಲಿಸಬೇಕು ಎಂದು ತೀರ್ಮಾನವಾಯಿತು. ಮೆಲ್ಲಗೆ ಓಡಿಸಲು ತನಗೇನೂ ವಿಶೇಷ ಪ್ರಯತ್ನ ಬೇಕಿಲ್ಲ ಎಂದು ಸುಬ್ಬಪ್ಪ ಭರವಸೆ ಕೊಟ್ಟ.

ನೌಶಾದನಿಗೆ ಒಳಗೊಳಗೇ ಇನ್ನೊಂದು ಅಳುಕಿತ್ತು. ಆ ಆಗಸ್ಟಿನ ರೇಸಿಗೆ ಮುಂಚೆ, ಗೆಳೆಯ ಬೀಳುವುದನ್ನು ನೋಡಿ ನೋಡಿ ಸಾಕಾಗಿ, ಹಳದಿ ಕಾರಿನ ಮೋಟಾರಿಗೆ ಅವನಿಗೆ ತಿಳಿಯದಂತೆ ತಂತಿಯ ಸುತ್ತು ಹೆಚ್ಚಿಸಿ, ವೇಗ ತಗ್ಗಿಸಿಟ್ಟಿದ್ದ. ಕಾರು ಅಂದು ಒಂದು ಸಲವೂ ಬೀಳಲಿಲ್ಲ. ಎಂಟನೇ ಸುತ್ತಿಗೆ ರೇಣುಕಪ್ಪ ಎಲ್ಲರಿಗಿಂತ ಮುಂದಿದ್ದ. ಆಗ ಅವನೇ ಗುಂಡಿ ಬಿಟ್ಟು, ಕಾರು ಎತ್ತಿ ಕಿವಿಗೆ ಹಿಡಿದು, "ಇದಕ್ಕೆ ಎಂತ ಮಾಡಿದೆ ಮಾರಾಯ? ಜ್ವರ ಬಂದವರ ಹಾಗೆ ಓಡ್ತಾ ಉಂಟಲ್ಲ," ಎಂದು ಕೇಳಿದ್ದ. ಮೊದಲಿನಂತೆ ಮಾಡಿಕೊಡುವವರೆಗೆ ಅವನು ನೌಶಾದನ ಜೊತೆ ನೆಟ್ಟಗೆ ಮಾತಾಡಲಿಲ್ಲ. ಈಗ ಮತ್ತೆ ಆ ಮೋಟಾರನ್ನು ಬಿಚ್ಚಲೇ ಎಂದು ಎರಡು ದಿನ ಯೋಚಿಸಿದ ನೌಶಾದ್ ಕೊನೆಗೆ ಬಿಚ್ಚಲಿಲ್ಲ.

ತಿಥಿ ಕಾರ್ಯವೆಲ್ಲ ಮುಗಿದ ನಂತರದ ಭಾನುವಾರ ಸುಲೋಚನಮ್ಮ ಒಂದು ದೊಡ್ಡ ಚೀಲ ಹಿಡಿದು ಮಹಡಿ ಹತ್ತಿ ಬಂದಳು. ಚೀಲವನ್ನು ಮೂಲೆಯಲ್ಲಿಟ್ಟು, ಟ್ರ್ಯಾಕಿನ ಸುತ್ತ ಒಂದು ಸಲ ನಡೆದು, ಹಲಗೆ ಕೂಡಿಸಿದ ಕಡೆಯಲ್ಲೆಲ್ಲ ಬೆರಳಾಡಿಸಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಗುಂಡಿ ಕೈಗೆ ತೆಗೆದುಕೊಂಡಳು. ಅರ್ಪಣಾ ತಿರುವಿನ ವಿಷಯ ಎರಡೆರಡು ಸಲ ವಿವರಿಸಿದಳು. ಸುಲೋಚನಮ್ಮ ತಲೆಯಾಡಿಸಿದಳು. ಹತ್ತು ಸುತ್ತಿನ ರೇಸು ಶುರುವಾಯಿತು.

ಹಳದಿ ಕಾರು ಮೊದಲ ಸುತ್ತಿನಲ್ಲೇ ಮಾವನ ಮನೆ ತಿರುವಿನಿಂದ ಹಾರಿ ಕಿಟಕಿಗೆ ಬಡಿಯಿತು. ನೌಶಾದ್ ಓಡಿಹೋಗಿ ಎತ್ತಿಟ್ಟ. ಎರಡನೇ ಸುತ್ತಿಗೆ ಸುಬ್ಬಪ್ಪನ ಕಾಲ ಬಳಿ ಬಿತ್ತು. ಮೂರನೆಯದಕ್ಕೆ ಮತ್ತೆ ಕಿಟಕಿ. ಉಳಿದ ಮೂರು ಕಾರುಗಳು ಗರ್ಭಿಣಿಯರಂತೆ ನಡೆಯುತ್ತಿದ್ದವು, ಆದರೂ ಮುಂದಾಗಿಬಿಡುತ್ತಿದ್ದವು. ಅರ್ಪಣಾ ಬೇಕೆಂದೇ ತನ್ನ ಕಾರನ್ನು ಬೀಳಿಸಲು ಗುಂಡಿ ಪೂರ್ತಿ ಒತ್ತಿದರೆ, ಎಂದೂ ಇಲ್ಲದ್ದು, ಅದು ತಿರುವನ್ನು ಚೆಂದವಾಗಿ ದಾಟಿಕೊಂಡು ಹೋಯಿತು. ಆರನೇ ಸುತ್ತಿಗೆ ಹಳದಿ ಕಾರು ಬೆಂಚಿನ ಕೆಳಗೆ ಹೋಗಿ ಸೇರಿದಾಗ ಮೂವರೂ ತಮ್ಮ ತಮ್ಮ ಕಾರು ನಿಲ್ಲಿಸಿ, ಆಕಾಶ ನೋಡುವವರಂತೆ ಸೂರು ನೋಡುತ್ತ ನಿಂತರು.

ಸುಲೋಚನಮ್ಮ ಮೂವರ ಮುಖವನ್ನೂ ಒಂದಾದ ಮೇಲೊಂದರಂತೆ ನೋಡಿದಳು.

"ನೌಶಾದ್ ಸಾಬ್ರೆ, ನಮ್ಮನೆಯವರು ಬಿದ್ದಾಗಲೂ ನೀವು ಹೀಗೇ ಕಾಯ್ತಿದ್ರಾ?"

ನೌಶಾದ್ ಸುಳ್ಳು ಹೇಳಲು ಬಾಯಿ ತೆರೆದ. ಬರಲಿಲ್ಲ. "ಇಲ್ಲ ಅಕ್ಕ. ನಗ್ತಾ ಇದ್ವಿ," ಎಂದ.

"ಹಂಗಾರೆ ಓಡಿಸಿ."

ಓಡಿಸಿದರು. ಮೂರು ನಿಮಿಷದಲ್ಲಿ ರೇಸು ಮುಗಿಯಿತು. ನೌಶಾದ್ ಮೊದಲು, ಅರ್ಪಣಾ ಎರಡನೆಯವಳು, ಸುಬ್ಬಪ್ಪ ತನ್ನ ಬಸ್ಸಿನ ಹದದಲ್ಲಿ ಮೂರನೆಯವನು. ಹಳದಿ ಕಾರು ಏಳನೇ ಸುತ್ತಿನಲ್ಲೇ ಉಳಿಯಿತು. ಸುಲೋಚನಮ್ಮ ಗುಂಡಿ ಕೆಳಗಿಟ್ಟು, ಬೆವರೊರೆಸಿಕೊಂಡು ಬೆಂಚಿನ ಮೇಲೆ ಕೂತು, ತನಗೆ ಎಲ್ಲ ಗೊತ್ತಿತ್ತು ಎಂದಳು. ಕೆಲಸ ಚೆನ್ನಾಗಿ ಆದ ದಿನ ಅವರು ಮನೆಗೆ ಬಂದು ಮಾತಾಡುತ್ತಿರಲಿಲ್ಲ, ಕೈಕಾಲು ತೊಳೆದು ಊಟಕ್ಕೆ ಕೂರುತ್ತಿದ್ದರು. ಕೆಟ್ಟ ದಿನ ಮಾತ್ರ ಬಾಯಿ ನಿಲ್ಲುತ್ತಿರಲಿಲ್ಲ.

"ಭಾನುವಾರ ಬಂದ್ರೆ ಮಲಗೋವರೆಗೂ ಮಾತು," ಎಂದಳು. "ಗೆದ್ದವರು ಅಷ್ಟು ಮಾತಾಡ್ತಾರಾ?"

ಮೊದಲು ನಕ್ಕದ್ದು ಸುಬ್ಬಪ್ಪ. ಆಮೇಲೆ ಅವನ ನೋಟ್‌ಬುಕ್ಕು ಹೊರಬಂತು. ಸುಲೋಚನಮ್ಮ ಓದಿ ಎಂದಳು, ಅವನು ಹಿಂದಿನ ಪುಟಗಳನ್ನು ಓದಿದ. ಕಾರಿನೊಳಗೆ ಇರುವೆ ಹೊಕ್ಕಿತ್ತು. ಅರ್ಪಣಾ ಮೇಡಂ ಕೆಮ್ಮಿದರು. ಹೊರಗೆ ಲಾರಿ ಹೋದದ್ದಕ್ಕೆ ಮಹಡಿ ಅಲುಗಿತು. ತನ್ನ ಸೀಳಿನ ಕರೆಂಟು ತೆಳುವಾಗಿ ಬರುತ್ತಿದೆ. ಬೆಳಿಗ್ಗೆ ತಿಂದ ಕಡುಬು ಹೆಚ್ಚಾಗಿ ಬೆರಳು ಭಾರವಾಗಿದೆ. ಕಡುಬಿನ ವಿಷಯ ಬಂದಾಗ ಸುಲೋಚನಮ್ಮ, ಮಾಡಿದವಳ ಮೇಲೂ ತಪ್ಪು ಹಾಕಿದ್ದಾರಲ್ಲ ಎಂದು ನಕ್ಕು, ಹಾಗೇ ಕಣ್ಣೊರೆಸಿಕೊಂಡಳು.

ಆಮೇಲೆ ಎದ್ದುಹೋಗಿ ಮೂಲೆಯ ಚೀಲ ತಂದು, ಕಪ್ಪುಗಳನ್ನು ಒಂದೊಂದಾಗಿ ಟ್ರ್ಯಾಕಿನ ಮೇಲೆ ಇಟ್ಟಳು. ಹದಿನೆಂಟಿದ್ದವು.

"ತಾರೀಕು ಇದೆ. ನಿಮ್ಮ ಪುಸ್ತಕದಲ್ಲಿ ಹೆಸರಿದೆ. ಯಾರ‍್ಯಾರದೋ ಅವರವರು ತಗೊಳ್ಳಿ."

ಸುಬ್ಬಪ್ಪ ನೋಟ್‌ಬುಕ್ಕು ಮುಂದಿನಿಂದ ತಿರುವಿ ತಾರೀಕು ಕೂಗಿದ. ಹನ್ನೊಂದು ಕಪ್ಪು ನೌಶಾದನ ಪಾಲಿಗೆ ಬಂದವು, ನಾಲ್ಕು ಅರ್ಪಣಾಗೆ. ತನ್ನ ಎರಡನ್ನು ಸುಬ್ಬಪ್ಪ ಕೂಡಲೇ ಅಂಗಿಯ ತುದಿಯಿಂದ ಒರೆಸಿ ಎರಡು ಕಂಕುಳಲ್ಲೂ ಇಟ್ಟುಕೊಂಡ. ಒಂದು ಉಳಿಯಿತು. ಆ ಆಗಸ್ಟ್ ಹದಿನೈದರಂದು ರಸ್ತೆಗೆ ಮರಗಳು ಬಿದ್ದು ಯಾರೂ ಕೊಪ್ಪ ತಲುಪಿರಲಿಲ್ಲ, ರೇಸೇ ನಡೆದಿರಲಿಲ್ಲ. ಆಡದ ರೇಸನ್ನೂ ಗೆದ್ದಿದ್ದಾನಲ್ಲ ಪುಣ್ಯಾತ್ಮ ಎಂದ ಸುಬ್ಬಪ್ಪ.

ಸುಲೋಚನಮ್ಮ ಕಪ್ಪನ್ನು ಬೆಳಕಿಗೆ ಹಿಡಿದು ತಾರೀಕು ನೋಡಿದಳು. ಆ ದಿನ ಇಡೀ ದಿನ ಮನೆಯಲ್ಲೇ ಕಟ್ಟಿಹಾಕಿದ ಹಾಗೆ ಒದ್ದಾಡುತ್ತಿದ್ದರು, ಕೊನೆಗೆ ನಾನೇ ಚೆನ್ನೆಮಣೆ ತೆಗೆದು ಕೂರಿಸಿದೆ, ಸಂಜೆವರೆಗೂ ಆಡಿದೆವು ಎಂದು ಹೇಳುತ್ತ ಹೇಳುತ್ತ ಅವಳ ಮಾತು ನಿಧಾನವಾಯಿತು.

"ಐದು ಆಟ. ಐದೂ ನಾನೇ ಗೆದ್ದದ್ದು."

ಅವಳು ಆ ಒಂದನ್ನು ಖಾಲಿ ಚೀಲದೊಳಗೆ ಇಳಿಸಿ, ಬಾಯಿಗೆ ಗಂಟು ಹಾಕಿದಳು.

ಸಂಜೆಯ ಬಸ್ಸಿಗೆ ಸುಬ್ಬಪ್ಪನೂ ಅವಳ ಜೊತೆ ಹೊರಟ; ಡ್ರೈವರು ತನ್ನ ಹಳೆಯ ಶಿಷ್ಯ, ಮನೆಯೆದುರೇ ನಿಲ್ಲಿಸುತ್ತಾನೆ ಎಂದ. ನೌಶಾದ್ ಹನ್ನೊಂದು ಕಪ್ಪುಗಳನ್ನು ಸಿಮೆಂಟಿನ ಚೀಲದಲ್ಲಿ ತುಂಬಿಕೊಂಡು ಮನೆಗೆ ಹೋಗಿ ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟ. ಹೆಂಡತಿ ಆಸಿಫಾ ಚಹಾ ತಂದವಳು, ಇದೆಂತ ಇಷ್ಟೊಂದು ಎಂದು ಕೇಳಿದಳು. ಅವನು ಹೇಳತೊಡಗಿದ. ಬೆಂಚಿನ ಕೆಳಗೆ ಕಾರು ಹೊಕ್ಕದ್ದನ್ನು ಹೇಳುವಾಗ ನಗುತ್ತಲೇ ಇದ್ದ, ನೋಟ್‌ಬುಕ್ಕಿನ ಭಾಗಕ್ಕೂ ನಕ್ಕ. ಅಲ್ಲಿಂದ ಮುಂದೆ ಹೋಗಲಾಗಲಿಲ್ಲ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಆಸಿಫಾ ಸ್ವಲ್ಪ ಹೊತ್ತು ಅವನ ಹೆಗಲ ಮೇಲೆ ಕೈಯಿಟ್ಟುಕೊಂಡು ನಿಂತಿದ್ದು, ಆಮೇಲೆ ತಣ್ಣಗಾದ ಚಹಾವನ್ನು ಬಿಸಿ ಮಾಡಲು ಒಳಗೆ ಒಯ್ದಳು.