ಕಡೇ ಸ್ಟಾಪಿನಿಂದ ಮೇಲಕ್ಕೆ

ಎರಡನೇ ಕೆರೆಯ ದಂಡೆಯಲ್ಲಿ ಐದು ಚೀಲಗಳನ್ನು ಸಾಲಾಗಿ ಇಟ್ಟು, ಆರನೆಯದೋ ಎಂಬಂತೆ ಅವಳನ್ನು ಪಕ್ಕದಲ್ಲಿ ಕೂರಿಸಿದ್ದರು. ಒರಗಲು ಬಂಡೆ, ಕಾಲಿಗೆ ಹೊದಿಸಿದ ಮಗಳ ಶಾಲು, ಕೈಯಲ್ಲಿ ಚಹಾದ ಫ್ಲಾಸ್ಕು. ಅಳಿಯ ಜೇಬಿನಿಂದ ಮಡಿಸಿದ ಹಾಳೆ ತೆಗೆದು ಬಿಡಿಸಿ, ಹನ್ನೊಂದೂ ಇಪ್ಪತ್ತಾಯಿತು, ಐದು ನಿಮಿಷ ತಡ ಎಂದು ಕೆರೆಗೇ ನೋಟೀಸು ಕೊಡುವವನಂತೆ ಘೋಷಿಸಿದ.

ಅಳಿಯನಿಗೆ ಕಾರ್ಖಾನೆಯೊಂದರಲ್ಲಿ ಪಾಳಿಪಟ್ಟಿ ಬರೆಯುವ ಕೆಲಸ. ಬೆನ್ನ ಹಿಂದೆ ಅತ್ತೆ ಅವನಿಗಿಟ್ಟ ಹೆಸರು ಟೈಮ್‌ಟೇಬಲ್ಲು. ಹಾಳೆಯಲ್ಲಿ ಇಡೀ ದಿನ ಗೆರೆ ಎಳೆಸಿಕೊಂಡು ತೆಪ್ಪಗೆ ಮಲಗಿತ್ತು. ಒಂದನೇ ಕೆರೆ ಇಷ್ಟು ಗಂಟೆಗೆ, ಎರಡನೆಯದು ಇಷ್ಟಕ್ಕೆ, ಮೂರನೇ ಕೆರೆ ಮತ್ತು ಜಲಪಾತ ಹನ್ನೆರಡೂವರೆಗೆ, ಅಲ್ಲಿ ಇಪ್ಪತ್ತು ನಿಮಿಷ, ವಾಪಸು. ಅದರ ಕೆಳಗೆ ಕೆಲಸದ ಹಂಚಿಕೆ. ದಾರಿ ತೋರಿಸುವುದು ಅವನು, ಫೋಟೋ ಹೆಂಡತಿ, ನೀರಿನ ಬಾಟಲಿ ಮಾವ. ಕಡೆಯ ಸಾಲಿನಲ್ಲಿ, 'ಲಗೇಜು: ಅತ್ತೆ.' ಹೊರುವವಳೋ ಹೊರಿಸಿಕೊಳ್ಳುವವಳೋ ಎಂಬುದು ಅದರಲ್ಲಿ ಸ್ಪಷ್ಟವಿರಲಿಲ್ಲ.

ಕಾರಣಗಳೇನೋ ಇದ್ದವು. ಇಲ್ಲಿಂದ ಮೇಲಕ್ಕೆ ಗೋಡೆಯಂಥ ಏರು, ಸಡಿಲ ಕಲ್ಲಿನ ದಾರಿ. ಭಾರ ಇಳಿಸಿ ಹೋಗಬೇಕು. ಚೀಲ ಬಿಟ್ಟು ಹೋದರೆ ಕಾಗೆಗಳು ಹರಿದು ತಿನ್ನುತ್ತವೆ ಎಂದು ಬೋರ್ಡು ಬೇರೆ ಹಾಕಿದ್ದರು. ಮೇಲಾಗಿ ಅವಳ ಎಡಗಡೆಯ ಮಂಡಿ.

"ಹೇಗೂ ನೀನು ನೋಡಿದ್ದೀಯಲ್ಲಮ್ಮ," ಎಂದಳು ಮಗಳು, ಶಾಲಿನ ಅಂಚು ಸರಿಪಡಿಸುತ್ತಾ.

ಅಲ್ಲೇ ಇದ್ದದ್ದು ಸಂಕಟ. ಅವಳು ನೋಡಿರಲಿಲ್ಲ.

ಇಪ್ಪತ್ತಾರು ವರ್ಷ ಅವಳು ಬಸ್ ಕಂಡಕ್ಟರು. ಅದರಲ್ಲಿ ಇಪ್ಪತ್ತೆರಡು ವರ್ಷ ಒಂದೇ ರೂಟು, ಊರಿನ ಬಸ್‌ಸ್ಟ್ಯಾಂಡಿನಿಂದ ಈ ಬೆಟ್ಟದ ಬುಡದವರೆಗೆ. ಸ್ಟೀರಿಂಗ್ ಹಿಂದೆ ಅವಳ ಗಂಡ. ಅವಳು ವಿಷಲ್ ಒಂದು ಸಲ ಊದಿದರೆ ನಿಲ್ಲಿಸುವುದು, ಎರಡು ಸಲ ಊದಿ 'ರೈಟ್' ಎಂದರೆ ಹೊರಡುವುದು. ಅವರ ದಾಂಪತ್ಯದಲ್ಲಿ ಇದಕ್ಕಿಂತ ಖಚಿತವಾದ ಒಪ್ಪಂದ ಇನ್ನೊಂದಿರಲಿಲ್ಲ. "ಕೆರೆಗೆ ಹೋಗೋರು ಇಳ್ಕೊಳ್ಳಿ, ಕಡೇ ಸ್ಟಾಪು" ಎಂದು ದಿನಕ್ಕೆ ಮೂರು ಸಲ ಕೂಗುವಳು. ಜನ ಇಳಿದು ಬೆಟ್ಟ ಹತ್ತುವರು. ಬಸ್ಸು ಅಲ್ಲಿ ನಿಲ್ಲುವುದು ಹತ್ತು ನಿಮಿಷ. ಮುಖ ತೊಳೆದು ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ಹಿಂದಿರುಗುವ ಹೊತ್ತು.

ಸಂಜೆಯ ಬಸ್ಸಿಗೆ ಒದ್ದೆ ಬೂಟಿನವರು ಹತ್ತಿ, ಕಂಡದ್ದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುವರು. ಅವಳು ಟಿಕೆಟ್ ಹರಿಯುತ್ತಾ ಕೇಳುವಳು. ಮರುದಿನ ಬೆಳಿಗ್ಗೆ ಹೊಸಬರು ಕೇಳಿದರೆ ಅದನ್ನೇ ಹೇಳುವಳು, ಒಂದು ಚಿಟಿಕೆ ಉಪ್ಪು ಸೇರಿಸಿ. ಮನೆಗೆ ಬಂದು ಮಗಳಿಗೆ ಊಟ ಹಾಕುವಾಗ ಇನ್ನೊಂದು ಚಿಟಿಕೆ. ಮೂರನೇ ಕೆರೆಯ ನೀರಿಗೆ ನವಿಲಿನ ಕತ್ತಿನ ಬಣ್ಣ ಬಂತು, ನಡುವೆ ಮಲಗಿದ ಆನೆಯಂಥ ಬಂಡೆ ಬಂತು, ಜಲಪಾತ ಆಕಾಶದಿಂದ ನೇರ ಕೆರೆಗೆ ಧುಮುಕಿತು. ಉಸಿರು ಕಟ್ಟಿದ ದಪ್ಪ ಮೇಷ್ಟರೊಬ್ಬರು "ಇ... ದು... ಸ್ವ... ರ್ಗ" ಎಂದದ್ದನ್ನು ಅವಳು ಅನುಕರಿಸಿದರೆ ಮಗಳು ಅನ್ನದ ತಟ್ಟೆಯ ಮೇಲೆ ಬಿದ್ದು ನಗುವಳು. ಹೆಸರಿಗೆ ಕಂಡಕ್ಟರು, ಕಂಡದ್ದು ಮಾತ್ರ ಏನೂ ಇಲ್ಲ.

ಒಂದೇ ಒಂದು ಸಲ ಅವಕಾಶ ಬಂದಿತ್ತು. ಕಡೇ ಸ್ಟಾಪಿನಲ್ಲಿ ಆಕ್ಸಲ್ ಮುರಿದು ಬಸ್ಸು ಕೂತುಬಿಟ್ಟ ದಿನ. ಡಿಪೋದಿಂದ ಮೆಕ್ಯಾನಿಕ್ ಬರಲು ಸಂಜೆಯಾಗುತ್ತದೆ ಎಂದು ಸುದ್ದಿ ಬಂತು. ಬಸ್ಸಿನ ಬಳಿ ಒಬ್ಬರಿರಲೇಬೇಕು. ಯಾರು ಎಂಬ ಪ್ರಶ್ನೆಯೇ ಏಳಲಿಲ್ಲ; ಡ್ರೈವರು ಬೆಟ್ಟ ಹತ್ತಿದ, ಕಂಡಕ್ಟರು ಕಾದಳು. ಇಳಿದು ಬಂದವನನ್ನು ಹೇಗಿದೆ ಎಂದು ಕೇಳಿದರೆ, "ಚೆನ್ನಾಗಿದೆ. ನೀರಿದೆ," ಎಂದ. ಆಮೇಲೆ ಸಮುದ್ರ ನೋಡಲು ಹೋದಾಗ ಚಪ್ಪಲಿಗಳನ್ನು ಕಾದಳು, ಮೃಗಾಲಯದಲ್ಲಿ ಊಟದ ಬುಟ್ಟಿ ಕಾದಳು. ಹುಲಿಯೂ ಅವಳೂ ಅಂದು ಕೂತಲ್ಲಿಂದ ಏಳಲಿಲ್ಲ.

"ಅಜ್ಜಿ, ನವಿಲಿನ ಕತ್ತಿನ ಬಣ್ಣ ಅಲ್ವಾ?" ಎಂದು ಮೊಮ್ಮಗಳು ಕೇಳಿ, ಉತ್ತರಕ್ಕೆ ಕಾಯದೆ ಓಡಿದಳು. ನಾಲ್ವರೂ ಹೊರಟರು. ಗಂಡ ಒಮ್ಮೆ ಹಿಂತಿರುಗಿ ನೋಡಿದ, ಕನ್ನಡಿಯಲ್ಲಿ ಹಿಂದಿನ ಬಾಗಿಲು ನೋಡುವವನಂತೆ. ಮತ್ತೆ ಮುಂದೆ ನಡೆದ.

ಕಾಗೆಯೊಂದು ಬಂದು ಅಳಿಯನ ಚೀಲದ ಮೇಲೆ ಕೂತು ಅವಳನ್ನೇ ನೋಡಿತು. ಓಡಿಸಬೇಕಾದದ್ದು ಅವಳ ಧರ್ಮ. ಅವಳೂ ಅದನ್ನು ನೋಡಿದಳು. ಎಂಟು ತಿಂಗಳ ಹಿಂದೆ ನಿವೃತ್ತಿಯಾದಾಗ ವಿಷಲ್ಲೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಡಿಪೋಗೆ ಒಪ್ಪಿಸಿದ್ದಳು. ಅದು ಮನೆಯ ಬೀಗದ ಕೈಗಳ ಜೊತೆ ಸೊಂಟದಲ್ಲಿತ್ತು. ತೆಗೆದು, ಕಾಗೆಯೂ ಕೆರೆಯೂ ಬೆಚ್ಚುವಂತೆ ಒಂದು ಸಲ ಊದಿದಳು.

ಮೇಲಿನ ತಿರುವಿನಲ್ಲಿ ಅವಳ ಗಂಡ ಎತ್ತಿದ ಕಾಲನ್ನು ಎತ್ತಿದಲ್ಲೇ ನಿಲ್ಲಿಸಿದ. ಹಿಂದೆ ಬರುತ್ತಿದ್ದ ಮಗಳು ಅವನಿಗೆ ಡಿಕ್ಕಿ ಹೊಡೆದಳು. ಏನೋ ಆಗಿಹೋಯಿತೆಂದು ಎಲ್ಲರೂ ದಡದಡ ಇಳಿದು ಬರುವಷ್ಟರಲ್ಲಿ ಅವಳು ಶಾಲನ್ನು ಸೊಂಟಕ್ಕೆ ಬಿಗಿದು, ತನ್ನ ಚೀಲ ಹೆಗಲಿಗೇರಿಸಿ ನಿಂತಿದ್ದಳು.

"ಏನಿಲ್ಲ. ಅವರವರ ಚೀಲ ಅವರವರು ತಗೊಳ್ಳಿ. ನಾನೂ ಬರ್ತೀನಿ."

ಅಳಿಯ ಹಾಳೆ ತೆಗೆದ. ಅವಳು ಅದರತ್ತ ನೋಡಲೂ ಇಲ್ಲ.

"ನಿಮ್ಮ ಸಾಮಾನುಗಳಿಗೆ ನೀವೇ ಜವಾಬ್ದಾರರು," ಎಂದಳು, ಬಸ್ಸಿನ ದನಿಯಲ್ಲಿ. "ಇಪ್ಪತ್ತಾರು ವರ್ಷ ನನ್ನ ತಲೆ ಮೇಲೇ ಬರೆದಿತ್ತು, ಅಳಿಯಂದ್ರೇ. ಇವತ್ತು ಓದಿದೆ."

ಮಗಳು ಮಂಡಿಯ ಮಾತೆತ್ತಿದಳು, ಡಾಕ್ಟರ ಮಾತೆತ್ತಿದಳು. ಮಂಡಿ ನನ್ನದು, ನೋವೂ ನನ್ನದು, ಡಾಕ್ಟರು ಮಾತ್ರ ನಿಮ್ಮವರು ಎಂದು ಅವಳು ನಡೆಯತೊಡಗಿದಳು. ಗಂಡ ತನ್ನ ಚೀಲ ಎತ್ತಿಕೊಂಡ.

ಮಂಡಿ ಸುಳ್ಳು ಹೇಳುವಂಥದ್ದಲ್ಲ. ಮೊದಲ ತಿರುವಿಗೇ ಮುಳ್ಳಾಡಿಸಿದಂತೆ ಚುಚ್ಚಿತು. ಅವಳು ಪ್ರತಿ ತಿರುವಿನಲ್ಲೂ ನಿಂತಳು, ಬಾಯಿಬಿಟ್ಟು ಏದುಸಿರು ಬಿಟ್ಟಳು, ಯಾರಿಂದಲೂ ಮುಚ್ಚಿಡಲಿಲ್ಲ. ಆದರೆ ಸಡಿಲ ಕಲ್ಲಿನ ಹಾದಿ ಬಂದಾಗ ಅವಳ ಪಾದಗಳಿಗೆ ಹಳೆಯ ವಿದ್ಯೆ ನೆನಪಾಯಿತು. ಓಡುವ ಬಸ್ಸಿನಲ್ಲಿ ಕಂಬಿ ಹಿಡಿಯದೆ, ಕಾಲು ಅಗಲಿಸಿ, ಸೊಂಟ ಸಡಿಲ ಬಿಟ್ಟು ಚಿಲ್ಲರೆ ಎಣಿಸಿದವಳು. ನೆಲ ಅಲುಗಾಡುವುದು ಅವಳಿಗೆ ಹೊಸದಲ್ಲ. ದುಬಾರಿ ಬೂಟಿನ ಅಳಿಯ ಎರಡು ಸಲ ಜಾರಿ ಕೂತ. ಎರಡನೆಯ ಸಲ ಅವಳು ಅವನ ಮೇಲೆ ಬಗ್ಗಿ, "ಮುಂದೆ ಹೋಗಿ, ಮುಂದೆ ಜಾಗ ಇದೆ," ಎಂದಳು. ಮಗಳು ನಗು ತಡೆಯಲು ಮುಖ ಆಚೆ ತಿರುಗಿಸಿದಳು.

ಮುಕ್ಕಾಲು ದಾರಿಯಲ್ಲಿ ಅಳಿಯ ಮತ್ತೆ ಗಡಿಯಾರ ನೋಡಿದ. ಅವನು ಕೆಟ್ಟವನಲ್ಲ, ಹೆದರಿದ್ದ. "ಅತ್ತೆ, ಒಂದು ಗಂಟೆ ಆಯ್ತು. ಇಲ್ಲಿಂದಲೇ ಇಳಿದ್ರೆ ಕತ್ತಲಾಗೋ ಮುಂಚೆ ಆರಾಮಾಗಿ ಕೆಳಗೆ ಹೋಗ್ತೀವಿ. ಇನ್ನೊಂದು ವರ್ಷ ಬರೋಣ."

"ನೀವು ಇಳೀರಿ, ಬೇಜಾರಿಲ್ಲ. ನಾನು ಕಡೇ ಸ್ಟಾಪಿಗೆ ಟಿಕೆಟ್ ತಗೊಂಡಿದ್ದೀನಿ."

ಯಾರೂ ಇಳಿಯಲಿಲ್ಲ. ಅಳಿಯ ಹಾಳೆಯನ್ನು ಮಡಿಸಿದ, ಇನ್ನೊಮ್ಮೆ ಮಡಿಸಿದ, ಆಮೇಲೆ ಹೆಚ್ಚು ಮಡಿಸಲಾಗದೆ ಜೇಬಿಗೆ ತುರುಕಿದ.

ಒಂದೂ ಮುಕ್ಕಾಲಕ್ಕೆ ಏರು ಮುಗಿಯಿತು. ನೆಲ ತಟ್ಟೆಯಂತೆ ಚಪ್ಪಟೆಯಾಗಿ, ಆ ತಟ್ಟೆಯಲ್ಲಿ ಮೂರನೇ ಕೆರೆ ಇತ್ತು. ನವಿಲಿನ ಕತ್ತಲ್ಲ, ತೊಳೆದಿಟ್ಟ ಅಲ್ಯುಮಿನಿಯಂ ಪಾತ್ರೆಯ ಬಣ್ಣ. ಆಚೆ ದಡದ ನೆರಳಿನಲ್ಲಿ ಬೆಳಗಿನ ಮಂಜಿನ ಒಂದು ತುಂಡು ಕರಗದೆ ಉಳಿದಿತ್ತು. ಆನೆ ಇರಲಿಲ್ಲ. ಆಕಾಶದಿಂದ ಏನೂ ಧುಮುಕುತ್ತಿರಲಿಲ್ಲ. ಜಲಪಾತ ಕೆರೆಗೆ ಬೀಳುತ್ತಿರಲಿಲ್ಲ, ಕೆರೆಯಿಂದ ಬೀಳುತ್ತಿತ್ತು. ಒಂದು ಮೂಲೆಯಲ್ಲಿ ದಡ ತಗ್ಗಾಗಿ, ನೀರು ಸದ್ದಿಲ್ಲದೆ ಅಂಚಿಗೆ ಹೋಗಿ, ಹೊಳೆದು, ಇಲ್ಲವಾಗುತ್ತಿತ್ತು. ಸದ್ದು ಎಷ್ಟೋ ಆಳದಿಂದ, ತಡವಾಗಿ ಮೇಲೆ ಬರುತ್ತಿತ್ತು.

ಮೊಮ್ಮಗಳು ದಂಡೆಯ ಉದ್ದಕ್ಕೂ ಹುಡುಕಿ ಬಂದಳು. "ಅಜ್ಜಿ, ಆನೆ ಬಂಡೆ ಎಲ್ಲಿ? ಮೇಲಿಂದ ಬೀಳತ್ತೆ ಅಂದಿದ್ದೆ?"

ಕೆರೆ ಈಚೆಗೆ ಬದಲಾಗಿದೆ ಎನ್ನಬಹುದಿತ್ತು. ಬಂಡೆ ಮುಳುಗಿದೆ ಎನ್ನಬಹುದಿತ್ತು. ಎರಡೂ ನಾಲಿಗೆಯ ತುದಿಗೆ ಬಂದು ನಿಂತವು, ಇಳಿಯಲು ತಯಾರಾದ ಪ್ರಯಾಣಿಕರ ಹಾಗೆ.

"ನಾನು ನೋಡಿರಲಿಲ್ಲ ಪುಟ್ಟ," ಎಂದಳು. "ಒಂದು ಸಲಾನೂ. ಬರೀ ಹೇಳ್ತಿದ್ದೆ."

ಮಗಳು ಕ್ಯಾಮೆರಾ ಇಳಿಸಿದಳು. "ಅಮ್ಮ, ನಾನು ಏಳನೇ ಕ್ಲಾಸಲ್ಲಿ ಅದನ್ನೇ ಬರೆದು ಪ್ರಬಂಧಕ್ಕೆ ಮೊದಲನೇ ಬಹುಮಾನ ತಗೊಂಡಿದ್ದೀನಿ."

"ಇಟ್ಕೋ. ಚೆನ್ನಾಗೇ ಬರೆದಿದ್ದೆ."

ಮಗಳು ಕೆಳಗೆ ಎರಡನೇ ಕೆರೆಯ ಕಡೆ ಒಮ್ಮೆ ನೋಡಿದಳು. ಶಾಲು ಹೊದಿಸಿ ಕೂರಿಸಿ ಬಂದ ಬಂಡೆ ಇಲ್ಲಿಂದ ಒಂದು ಚುಕ್ಕೆಯಷ್ಟಿತ್ತು. ಹತ್ತಿರ ಬಂದು ತಾಯಿಯ ಹೆಗಲಿನ ಚೀಲವನ್ನು ಬಿಡಿಸಿಕೊಂಡು ತಾನು ಹಾಕಿಕೊಂಡಳು.

ಅವಳು ಚಪ್ಪಟೆ ಕಲ್ಲಿನ ಮೇಲೆ ಕೂತು, ಬೂಟು ಕಳಚಿ, ಕಾಲುಗಳನ್ನು ನೀರಿಗಿಳಿಸಿದಳು. ತಣ್ಣಗಿನ ನೀರು ಮೂಳೆಯನ್ನೇ ಮಾತಾಡಿಸಿತು. ಗಂಡ ಬಂದು ಪಕ್ಕದಲ್ಲಿ ಕೂತ.

"ರೀ, ಆವತ್ತು ಇಷ್ಟೆಲ್ಲ ನೋಡ್ಕೊಂಡು ಬಂದು, ಚೆನ್ನಾಗಿದೆ, ನೀರಿದೆ ಅಂದ್ರಲ್ಲ."

ಅವನು ನೀರು ಅಂಚು ದಾಟುವುದನ್ನೇ ನೋಡಿದ. "ನೀನು ಕೆಳಗೆ ಕೂತಿದ್ದೆ," ಎಂದ. "ಜಾಸ್ತಿ ಹೇಳೋಕೆ ಬಾಯಿ ಬರಲಿಲ್ಲ."

ಮೊಟ್ಟೆ ಸುಲಿದರು, ಬ್ರೆಡ್ಡು ಹಂಚಿಕೊಂಡರು. ಇಪ್ಪತ್ತು ನಿಮಿಷ ಕಳೆದು ಇನ್ನೊಂದು ಇಪ್ಪತ್ತು ಕಳೆಯಿತು. ಅಳಿಯ ಎದ್ದು ಚೀಲ ಹಾಕಿಕೊಂಡ. ಮಗಳು ಎದ್ದಳು, ಮೊಮ್ಮಗಳ ಬೂಟಿನ ದಾರ ಕಟ್ಟಿದಳು. ಗಂಡನೂ ಎದ್ದು, ಪ್ಯಾಂಟು ಕೊಡವಿ, ಇಳಿಯುವ ದಾರಿಗೆ ಮುಖ ಮಾಡಿ ನಿಂತ. ಅಳಿಯ ಹೊರಡೋಣ ಮಾವ ಎಂದ. ಅವನು ಕದಲಲಿಲ್ಲ. ಕುತ್ತಿಗೆ ಒಂದಿಷ್ಟು ವಾರೆ ಮಾಡಿ, ಹಿಂದಿನಿಂದ ಬರಬೇಕಾದದ್ದು ಬರಲೆಂದು ಕಿವಿ ಕೊಟ್ಟ.

ಅವಳ ವಿಷಲ್ಲು ಕಲ್ಲಿನ ಮೇಲೆ, ಬೀಗದ ಕೈಗಳ ಜೊತೆ ಬಿದ್ದಿತ್ತು. ಅವಳು ನೀರಿನಲ್ಲಿ ಕಾಲುಬೆರಳುಗಳನ್ನು ಅಗಲಿಸಿ, ಮುಚ್ಚಿ, ಅಗಲಿಸಿದಳು.

ಸ್ವಲ್ಪ ಹೊತ್ತು ಕಾದು, ಡ್ರೈವರು ಚೀಲ ಇಳಿಸಿ ಮತ್ತೆ ಕೂತ.