ನಾಜೂಕಿನ ಮನೆ

ಕಡಲೆಕಾಳಿನಷ್ಟು ಗಾತ್ರ, ಅಷ್ಟೇ. ಒತ್ತಿದರೆ ನೋವಿಲ್ಲ. ನೋವೇ ಇಲ್ಲದ್ದಕ್ಕೆ ಯಾಕೆ ಹೆದರಬೇಕು ಎಂದು ಮಾಹೀರಾ ತನಗೆ ತಾನೇ ಹೇಳಿಕೊಳ್ಳತೊಡಗಿ ಮೂರು ವಾರವಾಗಿತ್ತು. ಎಡ ಎದೆಯ ಅಂಚಿನಲ್ಲಿ, ಕಂಕುಳ ಹತ್ತಿರ, ಸ್ನಾನ ಮಾಡುವಾಗ ಬೆರಳಿಗೆ ಸಿಕ್ಕಿದ ಗಡ್ಡೆ. ಡೈರಿಯಲ್ಲೂ ಅದರ ಹೆಸರು ಬರೆದಿರಲಿಲ್ಲ. ‘ಇವತ್ತೂ ಇದೆ’ ಎಂದಷ್ಟೇ ಬರೆದು ಮುಚ್ಚಿಡುತ್ತಿದ್ದಳು. ಅಮ್ಮಿಗೆ ಹೇಳೋಣವೆಂದರೆ ಆ ಮಾತನ್ನು ಎಲ್ಲಿಂದ ಎತ್ತಿಕೊಳ್ಳಬೇಕೋ ತಿಳಿಯದು. ಬಿ.ಎ. ಮುಗಿಸಿದ ಹುಡುಗಿಗೆ ತನ್ನದೇ ಮೈಯ ಒಂದು ಭಾಗದ ಹೆಸರು ಹೇಳಲು ನಾಲಿಗೆ ಏಳುತ್ತಿರಲಿಲ್ಲ.

ಹೊಳಲ್ಕೆರೆಯ ಆ ಮನೆಯಲ್ಲಿ ಹಾಗೆಲ್ಲ ಮಾತಾಡುವ ರೂಢಿಯೂ ಇರಲಿಲ್ಲ. ಅಪ್ಪನ ತಾಯಿ, ದಾದಿಮಾ ನೂರುನ್ನೀಸಾ ಎಲ್ಲವನ್ನೂ ನಾಜೂಕು ಎಂಬ ಒಂದೇ ಮಾತಿನಿಂದ ಅಳೆಯುವವಳು. ಕೂದಲೆಳೆಯಂಥ ಶಾವಿಗೆ ನಾಜೂಕು. ನೆಂಟರ ಬಡತನ ಕಂಡೂ ಕಾಣದಂತಿರುವುದು ನಾಜೂಕು. ಹೆಂಗಸರ ಕಾಯಿಲೆಯ ಸುದ್ದಿಯನ್ನು ಯಾರೂ ಎತ್ತದೇ ಇರುವುದು, ಅದೂ ನಾಜೂಕೇ. ಸೊಸೆಯರಲ್ಲಿ ಆ ಮಾತಿಗೆ ಪೂರ್ತಿ ಒಪ್ಪುವವಳು ಕಿರಿಯ ಮಗ ಹಫೀಜ್ ಚಾಚಾನ ಹೆಂಡತಿ ಅಂಬ್ರೀನ್ ಒಬ್ಬಳೇ. ಊರಿನ ಅರ್ಧ ಸೀರೆಗಳ ಸೆರಗಿಗೆ ಕುಚ್ಚು ಕಟ್ಟಿದವಳು. ಅವಳು ನಡೆದರೆ ಹೆಜ್ಜೆ ಕೇಳಿಸದು, ನಕ್ಕರೆ ಹಲ್ಲು ಕಾಣದು.

ಆ ಅಂಬ್ರೀನ್ ಚಾಚಿ ಶುಕ್ರವಾರ ಬೆಳಗ್ಗೆ ತೀರಿಕೊಂಡಳು. ಮೈಯಲ್ಲಿ ರಕ್ತವಿರಲಿಲ್ಲ, ಅಶಕ್ತತೆ ಎಂದರು. ವರ್ಷದಿಂದ ಸೊರಗುತ್ತಲೇ ಇದ್ದಳು. ಕೆಮ್ಮಿನ ನೆಪ ಹೇಳಿ ಬೇರೆ ಕೋಣೆಯಲ್ಲಿ ಮಲಗುತ್ತಿದ್ದಳು, ಅತ್ತರನ್ನು ಮೊದಲಿಗಿಂತ ಹೆಚ್ಚು ಹಚ್ಚಿಕೊಳ್ಳುತ್ತಿದ್ದಳು. ಯಾಕೆಂದು ಯಾರೂ ಕೇಳಿರಲಿಲ್ಲ.

ಮೊಹಲ್ಲಾದಲ್ಲಿ ಹೆಂಗಸರು ಸತ್ತರೆ ಮೈ ತೊಳೆಸುವವಳು ದಾದಿಮಾನೇ. ನಲವತ್ತು ವರ್ಷದ ಕೈ. ಈ ಸಲ ನೀರು ಹೊಯ್ಯಲು ಮಾಹೀರಾಳನ್ನು ಕರೆದಳು. ಅಮ್ಮಿ ಬೋರೆ ಎಲೆ ಹಾಕಿ ಕಾಸಿದ ನೀರನ್ನು ಒಳಗಿಟ್ಟು ಹೋದಮೇಲೆ ಬಾಗಿಲು ಹಾಕಿಕೊಂಡು, ದಾದಿಮಾ ತಗ್ಗಿದ ದನಿಯಲ್ಲಿ ಹೇಳಿದಳು:

“ಇಲ್ಲಿ ಏನ್ ಕಂಡ್ರೂ ಹೊರಗೆ ಹೇಳಂಗಿಲ್ಲ ಬೇಟಿ. ನೀರು ಮೆಲ್ಲಗೆ ಹೊಯ್ಯಿ. ಈಗ್ಲೂ ಅವಳಿಗೆ ನೋವಾಗ್ತೈತೆ.”

ಹೊದಿಸಿದ ಚಾದರದಡಿ ಬಟ್ಟೆ ಸುತ್ತಿದ ದಾದಿಮಾಳ ಕೈ ಎದೆಯ ಹತ್ತಿರ ಬಂದು ನಿಂತುಬಿಟ್ಟಿತು. ಅಲ್ಲೊಂದು ಕಟ್ಟಿತ್ತು. ಹಳೇ ನೂಲಿನ ಬಟ್ಟೆಯ ಮಡಿಕೆ, ಅರಿಶಿನ ಹಿಡಿದು ಗಟ್ಟಿಯಾದದ್ದು. ಚಾಚಿ ಅದನ್ನು ಕುಚ್ಚಿನ ರೇಷ್ಮೆ ದಾರದಿಂದಲೇ ಬಿಗಿದಿದ್ದಳು. ಗಂಟು ಒಂದೊಂದೂ ಸಾಸಿವೆಯಷ್ಟು. ಕತ್ತರಿ ತರಲೇ ಎಂದು ಮಾಹೀರಾ ಸನ್ನೆ ಮಾಡಿದರೆ ದಾದಿಮಾ ಬೇಡವೆಂದಳು. ನೀರು ಹನಿಸಿ ಹನಿಸಿ, ಒಂದೊಂದೇ ಗಂಟನ್ನು ಬಿಡಿಸಿದಳು. ಬಟ್ಟೆ ಕೊನೆಗೂ ಚರ್ಮ ಬಿಟ್ಟು ಬಂದಾಗ ಅದರಡಿ ಎದೆಯ ಅರ್ಧ ಭಾಗ ಉಳಿದಿರಲಿಲ್ಲ. ಹುಣ್ಣು ತಿಂದುಹಾಕಿತ್ತು.

ಮಾಹೀರಾಳ ಕೈಯ ಚೊಂಬು ಅಲ್ಲೇ ನಿಂತಿತು. ಹೋದ ವರ್ಷ ಚಾಚಿ ಕುಚ್ಚು ಕಟ್ಟುತ್ತ, ತಲೆಯೆತ್ತದೆ, ಚಿತ್ರದುರ್ಗದ ಆಸ್ಪತ್ರೆಯಲ್ಲಿ ಹೆಂಗಸು ಡಾಕ್ಟರು ಯಾವ ದಿನ ಇರುತ್ತಾರೆಂದು ಫೋನಿನಲ್ಲಿ ನೋಡಿ ಹೇಳಲು ಕೇಳಿದ್ದಳು. ಮಾಹೀರಾ ನೋಡಿ ಹೇಳಿದ್ದಳು. ಯಾಕೆ ಎಂದು ಕೇಳುವುದು ಚೆನ್ನಾಗಿರುವುದಿಲ್ಲವೆಂದು ಕೇಳಿರಲಿಲ್ಲ. ಜೊತೆಗೆ ಬರಲಾ ಎಂದೂ ಅಂದಿರಲಿಲ್ಲ. ಚಾಚಿ ಬಸ್ಸು ಹತ್ತಲೇ ಇಲ್ಲ. ಈಗ ಅವಳ ಎದೆಯನ್ನು ನೋಡುತ್ತಿದ್ದಂತೆ ಮಾಹೀರಾಳ ಬೆರಳು ತಾನಾಗಿ ತನ್ನ ಕಂಕುಳ ಕಡೆ ಹೋಯಿತು.

ದಾದಿಮಾ ಅಳಲಿಲ್ಲ. ಹತ್ತಿ ಇಟ್ಟು ಮುಚ್ಚಿದಳು, ಕರ್ಪೂರದ ನೀರು ಹೊಯ್ಯಿಸಿದಳು. ಹೊರಗೆ ಬಂದಾಗ ಚಾಚಾ ಬಾಗಿಲಲ್ಲೇ ನಿಂತಿದ್ದ. ಬಾಳ ನೋವಿತ್ತಾ ಅವಳಿಗೆ ಎಂದು ಕೇಳಿದ.

“ಇಲ್ಲಪ್ಪ. ಹೂವಿನಂಗಿದ್ಲು.”

ಮೂರನೇ ದಿನ ಫಾತಿಹಾ ಓದಿ ಮುಗಿದಮೇಲೆ ಹೆಂಗಸರು ನಡುಮನೆಯ ಚಾಪೆಯ ಮೇಲೆ ಕೂತಿದ್ದರು. ಪಕ್ಕದ ಮನೆಯ ಕಾಳಕ್ಕ ಅಂಬ್ರೀನ್ ಕುಚ್ಚು ಕಟ್ಟಿದ ಸೀರೆಯನ್ನೇ ಉಟ್ಟು ಬಂದಿದ್ದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಡುತ್ತ ಹೇಳಿದಳು:

“ನಾನೇ ರೇಗಿಸ್ತಿದ್ದೆ ಕಣಮ್ಮ. ಏನೇ ಅಂಬ್ರೀನಾ, ಬಾಯಿಗೂ ಕುಚ್ಚು ಕಟ್ಕಂಡಿದೀಯೇನೆ ಅಂತಿದ್ದೆ. ನಕ್ಕು ಸುಮ್ನಾಗೋಳು.”

ಒಂದು ದಿನವೂ ನೋವು ಅನ್ನಲಿಲ್ಲ, ಒಬ್ಬರಿಗೂ ತೊಂದರೆ ಕೊಡಲಿಲ್ಲ, ಎಂಥ ನಾಜೂಕಿನ ಹೆಣ್ಣು ಎಂದು ಉಳಿದವರು ಒಬ್ಬರಾದಮೇಲೆ ಒಬ್ಬರು ಹೇಳಿದರು. ಹೇಳಿ, ಹೌದೆನ್ನಲಿ ಎಂದು ದಾದಿಮಾಳ ಮುಖ ನೋಡಿದರು. ದಾದಿಮಾ ತನ್ನ ಎರಡೂ ಅಂಗೈಗಳನ್ನು ಮಡಿಲಲ್ಲಿ ಮಗುಚಿಟ್ಟುಕೊಂಡು ನೆಲ ನೋಡುತ್ತಿದ್ದಳು.

ಮಾಹೀರಾ ಚಹಾದ ತಟ್ಟೆ ಹಿಡಿದು ಬಂದಾಗ ಕಾಳಕ್ಕ ಪ್ರೀತಿಯಿಂದಲೇ ಅವಳ ಕೈ ಸವರಿದಳು.

“ಇವಳೂ ಚಾಚಿ ಥರನೇ ನೋಡ್ರಿ. ಬಾಯೇ ಇಲ್ಲ ಹುಡುಗಿಗೆ.”

ದಾದಿಮಾ ಕತ್ತೆತ್ತಿದಳು. ಮೊಮ್ಮಗಳನ್ನು ನೋಡಿದಳು. ಆ ಕಣ್ಣಲ್ಲಿ ಇದ್ದದ್ದು ಮೆಚ್ಚುಗೆಯಾಗಿರಲಿಲ್ಲ.

ಚಾಚಿಯ ಮೈಯ ಮಾತು ಹೇಳುವಂಥದ್ದಲ್ಲ. ಬಾಗಿಲ ಒಳಗೆ ಅದಕ್ಕೆ ಒಪ್ಪಿಯಾಗಿತ್ತು. ಆದರೆ ತನ್ನ ಮೈ ತನ್ನದು, ಇನ್ನೂ ಜೀವವಿರುವಂಥದ್ದು. ಮಾಹೀರಾ ತಟ್ಟೆಯನ್ನು ಕಾಳಕ್ಕನ ಕೈಗೆ ಕೊಟ್ಟು ದಾದಿಮಾಳ ಎದುರು ಕುಕ್ಕರಿಸಿದಳು. ಇಷ್ಟು ಜನರ ನಡುವೆ ಅವಳು ಎಂದೂ ದನಿ ತೆಗೆದವಳಲ್ಲ.

“ದಾದಿಮಾ, ನನ್ನ ಎದೇಲಿ ಒಂದು ಗಡ್ಡೆ ಐತೆ.”